ಪಾರ್ಸೆಲ್ ಆಗದ ತಿಂಡಿ

ಮನೆಯಿಂದ,
ಭಾನುವಾರ, ತಾರೀಖು ಹದಿನಾರು,
ಮಧ್ಯಾಹ್ನ ಅಕ್ಕ ಮಲಗಿದ ಮೇಲೆ

ಪ್ರೀತಿಯ ಗುಬ್ಬಿ,

ಅಣ್ಣನ ಆಶೀರ್ವಾದ. ಸಕ್ಕರೆ ಈಗ ಎಷ್ಟಿದೆ? ಕಾಲಿನ ಜೋಮು ಕಡಿಮೆಯಾಯಿತೇ? ರಿಟೈರಾದ ಮೇಲೂ ಕಂಪನಿಯೊಂದಕ್ಕೆ ಸೇರಿ ಊರಿನ ಕಟ್ಟಡಗಳ ಲಿಫ್ಟನ್ನೆಲ್ಲ ತಪಾಸಣೆ ಮಾಡುವ ಮನುಷ್ಯ ತಾನು ಮಾತ್ರ ಒಂದು ಮಹಡಿಯನ್ನೂ ಹತ್ತುವುದಿಲ್ಲ ಎಂದು ನಿನ್ನ ಹೆಂಡತಿ ಹೋದ ಸಲ ದೂರಿದ್ದಳು. ಹತ್ತು ಮಾರಾಯ, ಸ್ವಲ್ಪ ಹತ್ತು. ತೊಂಬತ್ತೆರಡು ಕಿಲೋದವನನ್ನು ಗುಬ್ಬಿ ಎಂದು ಕರೆಯಲು ನನಗೂ ಒಂದು ಥರ ಆಗುತ್ತದೆ, ಆದರೆ ಅಕ್ಕ ಇಟ್ಟ ಹೆಸರು, ತೆಗೆಯಲು ನಾನ್ಯಾರು? ನನ್ನ ಮಂಡಿ ಹಾಗೇ ಇದೆ. ಎಡಗಡೆಯದು ಮಳೆ ಬರುವ ಮುಂಚೆ ಹೇಳುತ್ತದೆ, ಬಲಗಡೆಯದು ಬಂದು ಹೋದ ಮೇಲೆ ಹೇಳುತ್ತದೆ. ಫೋನಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧವನ್ನು ನೀನು ಒಪ್ಪುವುದಿಲ್ಲ. ಎರಡನೇ ನಿಮಿಷಕ್ಕೆ ನಾವಿಬ್ಬರೂ ಎಂಟು ಹತ್ತು ವರ್ಷದ ಹುಡುಗರಾಗಿಬಿಡುತ್ತೇವೆ. ಅದಕ್ಕೇ ಕಾಗದ.

"ವಿತ್ ರೆಫರೆನ್ಸ್ ಟು ಯುವರ್ ಲೆಟರ್" ಎಂದು ಶುರು ಮಾಡಬೇಕಿತ್ತು. ಬಿ.ಎ. ಮೊದಲ ವರ್ಷದ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದು. ಅದರ ಮುಂದಿನ ಸಾಲು "ಐ ಬೆಗ್ ಟು ಸ್ಟೇಟ್". ಆಮೇಲಿನದು ನೆನಪಿಲ್ಲ, ಆಮೇಲಿನದನ್ನು ಕಲಿಯುವ ಮುಂಚೆ ಕಾಲೇಜು ಬಿಟ್ಟು ಅದೇ ಕಾಲೇಜಿನ ಲೈಬ್ರರಿಯಲ್ಲಿ ಬೈಂಡರ್ ಆಗಿ ಸೇರಿದೆ. ಮೂವತ್ತೊಂದು ವರ್ಷ ಇಂಗ್ಲಿಷ್ ಪುಸ್ತಕಗಳ ಬೆನ್ನು ಕಟ್ಟಿದ್ದೇನೆ, ಹೊಟ್ಟೆಯೊಳಗೆ ಏನಿದೆ ಎಂದು ಕೇಳಬೇಡ. ಇರಲಿ. ನಿನ್ನ ಕಾಗದಕ್ಕೆ ಬರುತ್ತೇನೆ. ನೀನು ಬರೆದದ್ದರಲ್ಲಿ ಒಂದು ಸಾಲೂ ಸುಳ್ಳಲ್ಲ. ಅದಕ್ಕೇ ಅಷ್ಟು ಸಿಟ್ಟು ಬಂತು. ಅಕ್ಕ ಮೂವತ್ತಾರು ಕಿಲೋಗೆ ಇಳಿದಿದ್ದಾಳೆ, ಊಟ ಮುಟ್ಟುವುದಿಲ್ಲ, ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕು ಎಂದು ಡಾಕ್ಟರು ಹೇಳಿದ್ದಾರೆ, ಇದು ಒಂದು. ದಿನವಿಡೀ ಮೇಜು ಕುಟ್ಟುತ್ತಾಳೆ, ಬುದ್ಧಿ ಸ್ಥಿಮಿತದಲ್ಲಿಲ್ಲ, ಇದು ಎರಡು. ನಾನು ಅರವತ್ತೊಂಬತ್ತರ ಮುದುಕ, ನಿನ್ನ ಅತ್ತಿಗೆಯನ್ನು ಮೂರು ವರ್ಷ ಮಂಚದ ಮೇಲೆ ನೋಡಿಕೊಂಡು ಕಳಿಸಿ ವರ್ಷವೂ ತುಂಬುವ ಮುಂಚೆ ಇನ್ನೊಂದು ಮಂಚ ಹಾಕಿಕೊಂಡಿದ್ದೇನೆ, ಇದು ಮೂರು. ಆದ್ದರಿಂದ ನಿನ್ನ ಊರಿನ ಆರೈಕೆ ಮನೆಯಲ್ಲಿ ಕಿಟಕಿ ಪಕ್ಕದ ಹಾಸಿಗೆ ಹಿಡಿದಿಟ್ಟಿದ್ದೀಯ, ಇಪ್ಪತ್ತೈದರ ಒಳಗೆ ನಾನು ಸಹಿ ಮಾಡಿದ ಫಾರಂ ಅವರ ಕೈಗೆ ಸೇರಬೇಕು, ಇಲ್ಲದಿದ್ದರೆ ಅದು ಬೇರೆಯವರ ಪಾಲು. ಎಲ್ಲಾ ಅರ್ಥವಾಗಿದೆ. ಫಾರಮ್ಮಿನ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ಡಿಮ್ ಸಮ್ ವಿಷಯ ಬರೆಯಬೇಕು. ನಗಬೇಡ.

ನಿನಗೆ ನೆನಪಿರಬೇಕು, ಅಕ್ಕ ಚೀನಾದವರು ತುಂಬಿದ್ದ ಆ ಬಂದರಿನ ಊರಿನ ಶರ್ಟು ಫ್ಯಾಕ್ಟರಿಗೆ ಹೋದಾಗ ನೀನು ಐದನೇ ಕ್ಲಾಸು. ಅಲ್ಲಿಂದ ಬರೆಯುತ್ತಿದ್ದ ಕಾಗದಗಳಲ್ಲಿ ತಾನು ಹೊಲಿಯುವ ಕಾಲರಿನ ವಿಷಯ ಎರಡು ಸಾಲು, ನಮ್ಮ ಓದಿನ ವಿಷಯ ನಾಲ್ಕು ಸಾಲು, ಉಳಿದದ್ದೆಲ್ಲ ಭಾನುವಾರದ ಬೆಳಗ್ಗೆ. ಫ್ಯಾಕ್ಟರಿಯಲ್ಲಿ ಅವಳ ಮಹಡಿಯ ಹೆಂಗಸರೆಲ್ಲ ಒಟ್ಟಾಗಿ ಒಂದು ದೊಡ್ಡ ಹಾಲಿಗೆ ಹೋಗುವುದು, ದುಂಡು ಮೇಜು, ತಳ್ಳುಗಾಡಿಯ ಮೇಲೆ ಬಿದಿರಿನ ಪುಟ್ಟ ಬುಟ್ಟಿಗಳು, ಮುಚ್ಚಳ ತೆಗೆದರೆ ಹಬೆ, ಹಬೆಯೊಳಗೆ ಮೂರೋ ನಾಲ್ಕೋ ಕಡುಬಿನಂಥವು, ಒಳಗಿನ ಸೀಗಡಿ ಹೊರಗೆ ಕಾಣುವಷ್ಟು ತೆಳು ಹೊದಿಕೆ. ಡಿಮ್ ಸಮ್ ಎಂದರೆ ಒಂದೇ ತಿಂಡಿಯಲ್ಲ ಕಣ್ರೋ, ಹೀಗೆ ಸ್ವಲ್ಪ ಸ್ವಲ್ಪ, ಚಹಾದ ಜೊತೆ, ಮಾತಾಡ್ತಾ ಮಾತಾಡ್ತಾ ತಿನ್ನೋದು ಎಂದು ಬರೆದಿದ್ದಳು. ನಾವಿಬ್ಬರೂ ಆ ಕಾಗದ ಓದಿ ಅನ್ನದ ತಟ್ಟೆಯ ಮುಂದೆ ಬಾಯಿ ಚಪ್ಪರಿಸಿದ್ದು ನೆನಪಿದೆಯೇ? ನೀನಂತೂ ಚಪಾತಿ ಹಿಟ್ಟಿನಲ್ಲಿ ಬೆಲ್ಲ ಸುತ್ತಿ "ನಂದೂ ಡಿಮ್ ಸಮ್ಮು" ಎಂದು ಹಸಿಹಸಿಯಾಗಿ ನುಂಗಿ, ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡಿದ್ದೆ. ಮೂವತ್ತು ವರ್ಷ ಅವಳು ಆ ಊರಿನಲ್ಲಿದ್ದಳು. ನಾವು ಒಮ್ಮೆಯೂ ಹೋಗಿ ಆ ಮೇಜಿನಲ್ಲಿ ಕೂರಲಿಲ್ಲ. ನೀನೂ ಇಲ್ಲ, ನಾನೂ ಇಲ್ಲ. ಅವಳೇ ಬರುತ್ತಿದ್ದಳು, ಬಂದವಳು ನಮಗೇ ಚಹಾ ಸುರಿಯುತ್ತಿದ್ದಳು.

ಹದಿನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಅಕ್ಕ ನನ್ನ ಮನೆಗೆ ಬಂದಾಗ ಬಲಗೈ, ಬಲಗಾಲು, ಮಾತು, ಮೂರೂ ಹೋದವು ಎಂದುಕೊಂಡಿದ್ದೆವಲ್ಲ, ನಾಲ್ಕನೇ ತಿಂಗಳಿಗೆ ಮಾತು ಸ್ವಲ್ಪ ಹಿಂದಿರುಗಿತು. ಹತ್ತು ಹನ್ನೆರಡು ಪದ. ನೀರು, ಸಾಕು, ದೊಡ್ಡು, ಗುಬ್ಬಿ, ಉಪ್ಪು, ಹೀಗೆ. ನಾಯಿ ಬೊಗಳಿದರೆ "ಮೇಷ್ಟ್ರು" ಎನ್ನುತ್ತಾಳೆ, ಅದೇಕೋ ಗೊತ್ತಿಲ್ಲ. ಎರಡು ತಿಂಗಳಿಂದ ನಾನು ತಟ್ಟೆ ಹಿಡಿದು ಹೋದಾಗಲೆಲ್ಲ ಮುಖ ತಿರುಗಿಸಿ "ಡಿಮ್ ಸಮ್" ಎನ್ನಲು ಶುರು ಮಾಡಿದಳು. ಮೆತ್ತಗಿನ ಅನ್ನ ತಂದರೂ ಅದೇ, ಹಣ್ಣು ಹಿಸುಕಿ ತಂದರೂ ಅದೇ. ಮೊದಲು ನಾನು ಗಮನ ಕೊಡಲಿಲ್ಲ. ಆಮೇಲೆ ತೂಕದ ಯಂತ್ರದ ಮುಳ್ಳು ನೋಡಿ ಹೆದರಿಕೆಯಾಯಿತು. ತಿಂದರೆ ಅದನ್ನೇ ತಿನ್ನಲಿ, ಊರಿನಲ್ಲಿ ಎಲ್ಲಿದ್ದರೂ ಹುಡುಕೋಣ ಎಂದುಕೊಂಡೆ. ನಿನ್ನ ಊರಿನಲ್ಲಾದರೆ ಬೀದಿಗೊಂದು ಸಿಗುತ್ತದೇನೋ. ನಮ್ಮಂಥ ಸಣ್ಣ ಊರಿನಲ್ಲಿ ಹುಡುಕುವುದೆಂದರೆ ಏನೆಂದು ಈಗ ಹೇಳುತ್ತೇನೆ.

ಪಕ್ಕದ ಮನೆಯ ಟೈಲರಮ್ಮ ಪುಣ್ಯಾತ್ಗಿತ್ತಿ, ದಿನಕ್ಕೆ ಎರಡು ಗಂಟೆ ಬಂದು ಅಕ್ಕನ ಹತ್ತಿರ ಕೂತುಕೊಳ್ಳುತ್ತಾಳೆ, ಕಾಜಾ ಹಾಕುವುದನ್ನು ಅಲ್ಲೇ ಹಾಕುತ್ತಾಳೆ. ಆ ಎರಡು ಗಂಟೆಯೇ ನನಗೆ ಲೋಕ. ಮೊದಲ ದಿನ ಬಸ್ ನಿಲ್ದಾಣದ ಎದುರಿನ ಚೈನೀಸ್ ಹೋಟೆಲಿಗೆ ಹೋದೆ. ಬಾಗಿಲಲ್ಲೇ "ಅಥೆಂಟಿಕ್ ಡಿಮ್ ಸಮ್" ಎಂದು ಕೆಂಪು ಅಕ್ಷರದ ಬೋರ್ಡು. ಅಥೆಂಟಿಕ್ ಎಂಬ ಪದವನ್ನು ನಾನು ಒಂದು ದಪ್ಪ ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಒತ್ತಿದ್ದೆ, ಅದರೊಳಗೆಲ್ಲ ಮೊಹರು ಬಿದ್ದ ದಾಖಲೆಗಳಿದ್ದವು, ಹಾಗಾಗಿ ಭರವಸೆಯಿಂದ ಕೂತೆ. ತಟ್ಟೆಯಲ್ಲಿ ಬಂದದ್ದು ಎಣ್ಣೆಯಲ್ಲಿ ಕರಿದದ್ದು, ಮೇಲೆ ಕೆಂಪು ಸಾಸು, ಮಗ್ಗುಲಲ್ಲಿ ಬಿಳಿ ಸಾಸು. "ಹಬೆಯಲ್ಲಿ ಬೇಯಿಸಿದ್ದು ಇಲ್ವೇನಪ್ಪಾ?" ಎಂದರೆ ಬಡಿಸುವವನು "ಅದನ್ನ ಯಾರೂ ಕೇಳಲ್ಲ ಅಂಕಲ್, ಸಪ್ಪೆ ಅಂತಾರೆ. ಇದೇ ಓಡೋದು" ಎಂದ. ಆದರೂ ಕಟ್ಟಿಸಿಕೊಂಡು ಬಂದೆ. ಅಕ್ಕ ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಎಡಗೈಯನ್ನು ಬಾಯಿಗಡ್ಡ ಹಿಡಿದು ಹೊರಗೆ ತೆಗೆದಳು. ದೊಡ್ಡವರ ಮನೆಯ ಊಟಕ್ಕೆ ಹೋದವರು ಮೀನಿನ ಮುಳ್ಳು ತೆಗೆಯುವ ಹಾಗೆ.

ಆಮೇಲೆ ನಾನೇ ಮಾಡೋಣ ಎಂದು ಹೊರಟೆ. ನಗು ಬೇಕಾದರೆ ಈಗ ನಗು. ಆ ತೆಳು ಹೊದಿಕೆಗೆ ಮೈದಾ ಆಗದು, ಗೋಧಿಯ ಪಿಷ್ಟ ಬೇಕು, ಕುದಿಯುವ ನೀರಿನಲ್ಲಿ ಕಲಸಬೇಕು ಎಂದು ಟೈಲರಮ್ಮ ತನ್ನ ಫೋನಿನಲ್ಲಿ ನೋಡಿ ಹೇಳಿದಳು. ಗೋಧಿಯ ಪಿಷ್ಟ! ಜೀವಮಾನವೆಲ್ಲ ನಾನು ಅಂಟು ಕಾಯಿಸಿದ್ದು ಅದರಲ್ಲೇ. ಅಟ್ಟದ ಮೇಲೆ ನನ್ನ ಹಳೇ ಡಬ್ಬದಲ್ಲಿ ಇನ್ನೂ ಎರಡು ಸೇರು ಇತ್ತು. ಕೆಳಗಿಳಿಸಿ, ಜರಡಿ ಹಿಡಿದು, ನೀರು ಕುದಿಸಿ, ಕಲಸಿ, ನಾದಿ, ಬಿಲ್ಲೆ ಒತ್ತಿದೆ. ಎಷ್ಟು ಚೆನ್ನಾಗಿ ಬಂತು ಗೊತ್ತೇನೋ, ಬೆಳಕಿಗೆ ಹಿಡಿದರೆ ನನ್ನ ಬೆರಳು ಕಾಣುತ್ತಿತ್ತು. ನೆರಿಗೆಯೂ ಕೂತಿತು, ಪುಸ್ತಕದ ಮೂಲೆ ಮಡಚಿದ ಕೈಯಲ್ಲವೇ. ಬಣ್ಣ ಮಾತ್ರ ಒಂದು ಚೂರು ನೀಲಿ. ಇದೇಕೆ ಎಂದು ನೋಡುತ್ತಾ ನಿಂತವನಿಗೆ ತಟ್ಟನೆ ಹೊಳೆಯಿತು: ಹುಳ ತಿನ್ನಬಾರದೆಂದು ನಾವು ಬೈಂಡರುಗಳು ಪಿಷ್ಟಕ್ಕೆ ಮೈಲುತುತ್ತ ಬೆರೆಸಿಡುತ್ತೇವೆ. ಇಲಿ ಕೂಡ ಮುಟ್ಟದ ಡಬ್ಬ ಅದು.  ಎಲ್ಲವನ್ನೂ ಹೊರಗೆ ಹಾಕಿ, ಪಾತ್ರೆಯನ್ನೂ ಎಸೆದು, ಮೂರು ಸಲ ಕೈ ತೊಳೆದೆ. ಅಕ್ಕ ಒಳಗಿಂದ ಮೇಜು ಕುಟ್ಟುತ್ತಲೇ ಇದ್ದಳು.

ಆ ಕುಟ್ಟುವ ವಿಷಯ ನಿನಗೂ ಗೊತ್ತು, ನೀನು ಬಂದಾಗ ನೋಡಿದ್ದೀಯ. ಎಡಗೈಯ ಎರಡು ಬೆರಳು ಮಡಚಿ ಮಂಚದ ಪಕ್ಕದ ಮೇಜಿನ ಮೇಲೆ ಟಕ್ ಟಕ್, ಟಕ್ ಟಕ್. ನೀರು ಕೊಟ್ಟರೆ ಟಕ್ ಟಕ್, ಚಹಾ ಸುರಿದರೆ ಟಕ್ ಟಕ್. ಬೇಗ ಬೇಗ ಎನ್ನುತ್ತಾಳೆ, ಫ್ಯಾಕ್ಟರಿ ಸೂಪರ್‌ವೈಸರ್‌ಗಿರಿ ಇನ್ನೂ ಬಿಟ್ಟಿಲ್ಲ ಎಂದು ನಾವಿಬ್ಬರೂ ನಕ್ಕಿದ್ದೆವು. ನೀನು ಹೋದ ಮೇಲೆ ನಗು ನಿಂತಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಹಾಸಿಗೆ ಬಟ್ಟೆ ದಿನಕ್ಕೆ ಮೂರು, ಒಂದು ಕಿವಿ ಯಾವಾಗಲೂ ಆ ಕೋಣೆಯಲ್ಲಿ. ಐದು ವರ್ಷದಿಂದ ನಾನು ಎರಡೂ ಕಿವಿ ಮುಚ್ಚಿ ಮಲಗಿದ್ದಿಲ್ಲ ಗುಬ್ಬಿ. ಇಂಥದ್ದರ ನಡುವೆ ಆ ಟಕ್ ಟಕ್. ಒಂದು ದಿನ ಅವಳ ಕೈಯನ್ನು ಹಿಡಿದು ಮೇಜಿಗೆ ಒತ್ತಿ, "ಸಾಕಮ್ಮಾ ತಾಯಿ, ನಾನೇನು ನಿನ್ನ ಫ್ಯಾಕ್ಟರಿ ಆಳಾ?" ಎಂದು ಕಿರುಚಿದೆ.  ಅವತ್ತಿನಿಂದ ಕುಟ್ಟುವುದು ಬಿಟ್ಟಳೆಂದಲ್ಲ, ಮೆಲ್ಲಗೆ, ಉಗುರಿನಲ್ಲಿ ಮಾತ್ರ, ನಾನು ಆ ಕಡೆ ತಿರುಗಿದ ಮೇಲೆ ಕುಟ್ಟುತ್ತಿದ್ದಳು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು.

ಮೂರನೇ ಪ್ರಯತ್ನ ಹೊಸ ಮಾಲಿನ ಮೇಲ್ಮಹಡಿ. ಅಲ್ಲಿ ತಲೆಗೆ ಬಲೆ ಹಾಕಿಕೊಂಡ ಹುಡುಗಿಯೊಬ್ಬಳು ಬಿದಿರಿನ ಬುಟ್ಟಿಯಲ್ಲೇ ಇಟ್ಟು ಕೊಟ್ಟಳು, ನೋಡಲು ಅಕ್ಕನ ಕಾಗದದಲ್ಲಿದ್ದ ಹಾಗೇ ಇತ್ತು. ಬೆರಳಿನಲ್ಲಿ ಒತ್ತಿದರೆ ನಡುವೆ ಇನ್ನೂ ಮಂಜುಗಡ್ಡೆ. ನಾನು ಏನಾದರೂ ಅನ್ನುವ ಮುಂಚೆ ಅವಳೇ "ತಾತ, ಸುಳ್ಳು ಯಾಕೆ ಹೇಳ್ಲಿ, ಎಲ್ಲಾ ಪ್ಯಾಕೆಟ್ಟಲ್ಲಿ ಬರುತ್ತೆ, ನಾವು ಬಿಸಿ ಮಾಡೋದಷ್ಟೇ" ಎಂದಳು. ಅಕ್ಕನ ಕಥೆ ಹೇಳಿದೆ. ಸಾಲಿನಲ್ಲಿ ನನ್ನ ಹಿಂದಿದ್ದವರು ಗೊಣಗುತ್ತಿದ್ದರೂ ಅವಳು ಪೂರ್ತಿ ಕೇಳಿದಳು. "ಅಸಲಿದು ಬೇಕು ಅಂದ್ರೆ ಹಳೇ ಆಸ್ಪತ್ರೆ ಹಿಂದೆ ಹಲ್ಲು ಕಟ್ಟೋರು ಒಬ್ರಿದಾರೆ. ಅವರ ತಾತ ಚೀನಾದಿಂದ ಹಡಗಲ್ಲಿ ಬಂದೋರಂತೆ. ಮನೆಯೋರಿಗೆ ಅಂತ ಭಾನುವಾರ ಮಾಡ್ತಾರೆ. ನಮ್ಮ ಮ್ಯಾನೇಜರು ಕಲಿಯೋಕೆ ಹೋಗಿ ಬೈಸ್ಕೊಂಡು ಬಂದ್ರು" ಎಂದಳು. ಇಷ್ಟು ವರ್ಷ ಇದೇ ಊರಿನಲ್ಲಿದ್ದೇನೆ, ಆ ಅಂಗಡಿಯ ಮುಂದೆ ಸಾವಿರ ಸಲ ಹೋಗಿದ್ದೇನೆ.

ಸಣ್ಣ ಕೋಣೆ. ಬಾಗಿಲ ಮೇಲೆ ಬಣ್ಣ ಹೋದ ಹಲ್ಲಿನ ಚಿತ್ರ, ಒಳಗೆ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ನಂಬರು. ಊರಿನ ಅರ್ಧ ಜನರ ನಗು ಅಲ್ಲಿ ಸಾಲಾಗಿ ಕೂತಿದೆ. ಹಲ್ಲು ಕಟ್ಟುವವರು ನನ್ನದೇ ವಯಸ್ಸಿನವರು, ತೆಳ್ಳಗೆ, ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. ವಿಷಯ ಹೇಳಿದ ತಕ್ಷಣ "ನಾನು ಹಲ್ಲು ಮಾರ್ತೀನಿ ಸ್ವಾಮಿ, ತಿಂಡಿ ಮಾರಲ್ಲ" ಎಂದು ಉಜ್ಜುವ ಯಂತ್ರ ಶುರು ಮಾಡಿದರು. ಇನ್ನೊಂದು ದಿನ ಹೋದರೆ "ಇವತ್ತು ನಿಮ್ಮಕ್ಕ, ನಾಳೆ ಇನ್ನೊಬ್ಬರ ಅತ್ತೆ. ಬೇಡ" ಎಂದರು. ಶುಕ್ರವಾರ ಮೂರನೇ ಸಲ ಹೋದೆ. ಬೈಸಿಕೊಳ್ಳಲೂ ಶಕ್ತಿಯಿರಲಿಲ್ಲ, ಸುಮ್ಮನೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಅವರ ರೋಗಿಗಳ ರಿಜಿಸ್ಟರು ಬಿದ್ದಿತ್ತು, ಬೆನ್ನು ಕಿತ್ತು ಹಾಳೆಗಳೆಲ್ಲ ಆಚೆ. ನನಗೆ ಅಂಥದ್ದನ್ನು ನೋಡಿಕೊಂಡು ಕೂರಲು ಆಗುವುದಿಲ್ಲ, ನಿನಗೆ ಗೊತ್ತು. ಅವರಲ್ಲೇ ಸೂಜಿ ದಾರ ಕೇಳಿದೆ, ಯಾಕೆ ಎಂದು ಕೇಳದೆ ಕೊಟ್ಟರು. ಅವರು ಒಂದು ದವಡೆ ಮುಗಿಸುವಷ್ಟರಲ್ಲಿ ನಾನು ಹಾಳೆಗಳನ್ನು ಕಂತೆ ಮಾಡಿ, ಹೊಲಿದು, ಗಂಟು ಹಾಕಿ ಇಟ್ಟೆ. ಎತ್ತಿಕೊಂಡು ತೆರೆದು ಮುಚ್ಚಿ ನೋಡಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು. ಒಳಗಿಂದ ಅವರ ಹೆಂಡತಿ, ಮುಖ ಕಾಣಲಿಲ್ಲ, ಎಲ್ಲಾ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ, "ಹೋಗಿ ಬನ್ನಿ ಅತ್ಲಾಗೆ, ಕಲ್ಲು ಮನಸ್ಸಿನೋರೇ!" ಎಂದು ಕೂಗಿದಳು. ಅವರು ನನ್ನ ಕಡೆ ತಿರುಗಿ, "ಭಾನುವಾರ ಬೆಳಗ್ಗೆ ನಾನೇ ಬರ್ತೀನಿ. ಒಲೆ ಖಾಲಿ ಇಟ್ಟಿರಿ. ಇದು ಪಾರ್ಸೆಲ್ ಆಗೋ ತಿಂಡಿ ಅಲ್ಲ. ಹಬೆಯಿಂದ ಬಾಯಿಗೆ ಐದು ಹೆಜ್ಜೆ ಮೀರಬಾರದು" ಎಂದರು.

ಬಂದರು. ಇವತ್ತು ಬೆಳಗ್ಗೆ ಎಂಟಕ್ಕೆ. ಒಂದು ಕೈಯಲ್ಲಿ ಬಿದಿರಿನ ಬುಟ್ಟಿಗಳ ಗೋಪುರ, ಇನ್ನೊಂದರಲ್ಲಿ ಒದ್ದೆ ಬಟ್ಟೆ ಸುತ್ತಿದ ಹಿಟ್ಟು. ಹೊದಿಕೆ ತೀಡಲು ಪ್ಲಾಸ್ಟರ್ ಕಲಸುವಂಥದೇ ಚಪ್ಪಟೆ ಚಾಕು, "ಅಡುಗೆಗೆ ಅಂತಲೇ ಬೇರೆ ಇಟ್ಟಿದೀನಿ, ಹೆದರಬೇಡಿ" ಎಂದರು. ನನ್ನ ಮೈಲುತುತ್ತದ ಕಥೆ ಹೇಳಿದೆ. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಕ್ಕರು. ಎಣ್ಣೆ ಸವರಿದ ಚಾಕುವಿನಿಂದ ಉಂಡೆಯನ್ನು ಒಂದು ಸಲ ತೀಡಿದರೆ ಬಿಲ್ಲೆ, ಎರಡು ಬೆರಳ ಚಿಟಿಕೆಯಲ್ಲಿ ನೆರಿಗೆ ಮೇಲೆ ನೆರಿಗೆ. "ಒಂಬತ್ತಕ್ಕಿಂತ ಕಡಿಮೆ ಇದ್ರೆ ನಮ್ಮಜ್ಜಿ ಮುಟ್ತಿರಲಿಲ್ಲ" ಎಂದರು. ಆರು ನಿಮಿಷದ ಹಬೆ. ಅಕ್ಕನನ್ನು ದಿಂಬು ಕೊಟ್ಟು ಕೂರಿಸಿದೆ. ಬುಟ್ಟಿಯ ಮುಚ್ಚಳ ಅವಳ ಮುಂದೆಯೇ ತೆಗೆದರು. ಹಬೆ ಅವಳ ಕನ್ನಡಕ ಮುಚ್ಚಿತು. ನಾನು ಒರೆಸಲು ಹೋದರೆ ತಲೆ ಅಲ್ಲಾಡಿಸಿ ಬೇಡವೆಂದಳು, ಹಾಗೇ ಕೂತಿದ್ದಳು, ಏನೂ ಕಾಣದೆ.

ಆಮೇಲೆ ಅವರು ತಾವು ತಂದಿದ್ದ ಚಹಾವನ್ನು ಮೊದಲು ಅಕ್ಕನ ಬಟ್ಟಲಿಗೆ ಸುರಿದರು. ಅಕ್ಕ ಎಡಗೈಯ ಎರಡು ಬೆರಳು ಮಡಚಿ ಮೇಜಿನ ಮೇಲೆ ಟಕ್ ಟಕ್ ಎಂದಳು. ನನಗೆ ನಾಚಿಕೆಯಾಯಿತು. "ತಪ್ಪು ತಿಳ್ಕೋಬೇಡಿ, ಅವಳಿಗೆ ಸ್ವಲ್ಪ ಅವಸರ" ಎಂದೆ. ಅವರು ಕೆಟಲು ಕೆಳಗಿಟ್ಟು ನನ್ನನ್ನೇ ನೋಡಿದರು. "ಅವಸರ ಏನು ಬಂತು? ಚಹಾ ಸುರಿದೋರಿಗೆ ಥ್ಯಾಂಕ್ಸ್ ಹೇಳ್ತಿದಾರೆ. ನಮ್ಮ ಮೇಜಲ್ಲಿ ಹೀಗೇನೇ. ಬಾಯಲ್ಲಿ ತಿಂಡಿ ಇರುತ್ತೆ, ಮಾತಾಡೋಕಾಗಲ್ಲ, ಎರಡು ಬೆರಳು ಕುಟ್ಟೋದು. ನಿಮಗೆ ಗೊತ್ತಿಲ್ವಾ?" ಎಂದರು.

ಗೊತ್ತಿರಲಿಲ್ಲ ಗುಬ್ಬಿ. ನಮಗೆ ಹೇಗೆ ಗೊತ್ತಿರಬೇಕು? ಆ ಮೇಜಿನಲ್ಲಿ ನಾವು ಕೂತವರಲ್ಲ. ಇಲ್ಲಿಗೆ ಬಂದಾಗಲೆಲ್ಲ ಸುರಿದವಳು ಅವಳು, ಅವಳಿಗೆ ನಾವು ಒಂದು ಲೋಟ ಸುರಿದವರಲ್ಲ. ಹದಿನಾಲ್ಕು ತಿಂಗಳು, ದಿನಕ್ಕೆ ಹತ್ತಾದರೂ ಸಲ ಆ ಹೆಂಗಸು ನನಗೆ ಉಪಕಾರ ಹೇಳಿದ್ದಾಳೆ. ನಾನು ಅವಳ ಕೈ ಹಿಡಿದು ಒತ್ತಿದ್ದೇನೆ. ನೀನು ಅದನ್ನು ಬುದ್ಧಿ ಕೆಟ್ಟದ್ದಕ್ಕೆ ಸಾಕ್ಷಿ ಎಂದು ಕಾಗದದಲ್ಲಿ ಬರೆದಿದ್ದೀಯ. ನಿನ್ನದೂ ತಪ್ಪಲ್ಲ. ಆದರೆ ಆ ಎರಡನೇ ಕಾರಣವನ್ನು ಹೊಡೆದುಹಾಕು.

ಮೊದಲನೆಯದಕ್ಕೂ ಬರುತ್ತೇನೆ. ಅಕ್ಕ ಒಂದನ್ನು ಬಾಯಿಗೆ ಹಾಕಿಕೊಂಡಳು. ಅವರು ತಿಂಡಿ ಮಾಡಿದವರ ಹಾಗೆ ಅವಳ ಮುಖ ನೋಡಲಿಲ್ಲ, ಹಲ್ಲು ಕಟ್ಟುವವರ ಹಾಗೆ ದವಡೆ ನೋಡಿದರು. ಅವಳು ಅದನ್ನು ಅಗಿಯದೆ ನಾಲಿಗೆಯಿಂದ ಬಾಯಿಯ ಅಂಗಳಕ್ಕೆ ಒತ್ತಿ ಒತ್ತಿ ನುಂಗಿದಳು. "ಅಮ್ಮಾ, ಸ್ವಲ್ಪ ಬಾಯಿ ತೆಗೀತೀರಾ?" ಎಂದು ಕಿಸೆಯಿಂದ ಪುಟ್ಟ ಕನ್ನಡಿ ತೆಗೆದರು. ಕೆಳಗಿನ ಕಟ್ಟಿಸಿದ ಹಲ್ಲಿನ ಸೆಟ್ಟು ಹೊರಗೆ ತೆಗೆದಾಗ ಅವಳು ಹಾ ಎಂದಳು. ಎಡಗಡೆ ಒಸಡಿನ ಮೇಲೆ ಹೆಸರುಕಾಳಿನಷ್ಟು ಹುಣ್ಣು, ಅಂಚು ಬೆಳ್ಳಗೆ. ತೂಕ ಇಳಿದು ಒಸಡು ಕುಗ್ಗಿದೆ, ಸೆಟ್ಟು ಸಡಿಲವಾಗಿ ಜಾರಿ ಅದೇ ಜಾಗವನ್ನು ಕೊರೆದಿದೆ. ನೋವಿಗೆ ತಿನ್ನಲಿಲ್ಲ, ತಿನ್ನದೆ ಇನ್ನಷ್ಟು ಇಳಿದಳು, ಇಳಿದಂತೆ ಇನ್ನಷ್ಟು ಸಡಿಲ. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟರು, ಮಂಡಿಗೆ ಸುತ್ತಿಗೆ ಬಿಟ್ಟರು, ಬಾಯಿ ತೆಗೆಸಿ ನೋಡಲಿಲ್ಲ. ಅವರನ್ನೇಕೆ ಅನ್ನಲಿ, ನಾನು ದಿನವೂ ಆ ಸೆಟ್ಟನ್ನು ತೆಗೆದು ಬ್ರಷ್ ಹಾಕಿ ತೊಳೆದು ಮತ್ತೆ ಹಾಕಿದ್ದೇನೆ. ಹಾಕುವಾಗ ಅವಳು ತಲೆ ಹಿಂದಕ್ಕೆಳೆದರೆ ಹಟ ಎಂದುಕೊಂಡು ಒತ್ತಿ ಹಾಕಿದ್ದೇನೆ. ಒಂದು ಪುಸ್ತಕ ಕೈಗೆ ಬಂದರೆ ಪ್ರತಿ ಕಂತೆಯನ್ನೂ ಬಿಡಿಸಿ ನೋಡುತ್ತಿದ್ದವನು ಕಣೋ ನಾನು.

"ನಾಲ್ಕು ದಿನ ಹಲ್ಲು ಬೇಡ. ಮೆತ್ತಗಿರೋದನ್ನ ಒಸಡಲ್ಲೇ ತಿನ್ನಲಿ. ಇದನ್ನ ನಾನು ಸರಿ ಮಾಡಿ ತರ್ತೀನಿ" ಎಂದು ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು. ಹಲ್ಲಿಲ್ಲದ ಬಾಯಲ್ಲಿ ಅಕ್ಕ ಇನ್ನೂ ಮೂರು ತಿಂದಳು. ಮೂರು! ತಿಂದು, ಒರೆಸಿಕೊಂಡು, ಅವರ ಕಡೆ ನೋಡಿ "ಉಪ್ಪು... ಕಮ್ಮಿ" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವರಿಗೋ ಪರಮಾನಂದ. "ನಮ್ಮಜ್ಜಿನೂ ಇದನ್ನೇ ಅಂತಿದ್ಲು! ಈ ಊರಲ್ಲಿ ಇಷ್ಟು ವರ್ಷದಲ್ಲಿ ಒಬ್ರು ಸರಿಯಾಗಿ ತಪ್ಪು ಹಿಡಿದ್ರು ನೋಡಿ" ಎಂದು ಮುಂದಿನ ಭಾನುವಾರವೂ ಬರುವುದಾಗಿ ಹೇಳಿ ಹೋದರು. ನಾನೂ ಎರಡು ತಿಂದೆ, ಮಂಚದ ಪಕ್ಕ ಕೂತು. ಚೆನ್ನಾಗಿತ್ತು. ಇಷ್ಟೆಲ್ಲ ಓಡಾಡಿ ಹುಡುಕಿದ್ದಕ್ಕೆ ತಕ್ಕ ರುಚಿಯೇ ಎಂದು ಕೇಳಿದರೆ, ನನ್ನ ನಾಲಿಗೆಗೆ ಆಗ ಏನೂ ತಿಳಿಯುವ ಸ್ಥಿತಿ ಇರಲಿಲ್ಲ. ಹುಣ್ಣು ವಾಸಿಯಾದ ಮಾತ್ರಕ್ಕೆ ಅಕ್ಕ ಎದ್ದು ಓಡಾಡುವುದಿಲ್ಲ, ಅದೂ ಗೊತ್ತು. ಮಗ್ಗುಲು ಬದಲಾಯಿಸುವುದು ತಪ್ಪದು, ಬಟ್ಟೆ ತಪ್ಪದು. ಆದರೆ ನಳಿಗೆ ಬೇಡವಾಗಬಹುದು.

ಅವರು ಹೋದ ಮೇಲೆ ಒಂದು ಕೆಲಸ ಮಾಡಿದೆ. ನೀನೂ ನಾನೂ ಎರಡು ತಿಂಗಳಿಂದ ಅಕ್ಕನ ಬಗ್ಗೆ ಕಾಗದ ಬರೆದುಕೊಂಡಿದ್ದೇವಲ್ಲ, ಅಕ್ಕನನ್ನು ಯಾರೂ ಕೇಳಿರಲಿಲ್ಲ. ಕೇಳಿದೆ. ಗುಬ್ಬಿಯ ಊರಿನಲ್ಲಿ ಒಂದು ಜಾಗ ಇದೆ, ಕಿಟಕಿ ಇದೆ, ನರ್ಸುಗಳಿದ್ದಾರೆ, ಹೋಗ್ತೀಯಾ ಅಕ್ಕ ಎಂದೆ. ಬಹಳ ಹೊತ್ತು ಮಾತು ಹುಡುಕಿದಳು. ತುಟಿ ಆಚೀಚೆ ಹೋಗುತ್ತಿತ್ತು. ಹೂಂ ಅಥವಾ ಉಹೂಂ ಬರುತ್ತದೆ ಎಂದು ನಾನು ಕಾಯುತ್ತಿದ್ದರೆ, "ದೊಡ್ಡು... ಸುಸ್ತಾ?" ಎಂದಳು. ಯಾರೂ ಕೇಳಿರಲಿಲ್ಲ ನೋಡು. ನಿನ್ನ ಅತ್ತಿಗೆ ಕೇಳುವ ಸ್ಥಿತಿಯಲ್ಲಿರಲಿಲ್ಲ, ನೀನು ಕೇಳದೆಯೇ ತೀರ್ಮಾನಿಸಿದ್ದೆ, ನಾನು ಕೇಳಿಕೊಳ್ಳಲು ಹೆದರಿದ್ದೆ. "ಹೂಂ ಅಕ್ಕ, ತುಂಬಾ" ಎಂದೆ. ಅವಳು ಆ ಎಡಗೈಯನ್ನು ನನ್ನ ತಲೆಯ ಮೇಲಿಟ್ಟಳು. ಎಷ್ಟು ಹಗುರ ಗೊತ್ತೇ, ಇಟ್ಟದ್ದೇ ತಿಳಿಯಲಿಲ್ಲ.

ನಿನ್ನ ಹೆಂಡತಿಗೆ ನನ್ನ ಶುಭಾಶಯ ಹೇಳು, ಮಕ್ಕಳಿಗೆ ಆಶೀರ್ವಾದ. ಅವಳು ಕಳಿಸಿದ ಮಂಡಿ ಎಣ್ಣೆ ಮುಗಿದಿದೆ, ವಾಸನೆ ಬಿಟ್ಟರೆ ಒಳ್ಳೆಯದೇ. ನೀನು ಮಾತ್ರೆ ತಪ್ಪಿಸಬೇಡ, ನನ್ನ ಅಕ್ಷರ ಓದಲು ಹೊಸ ಕನ್ನಡಕ ಬೇಕೆಂದು ಹಟ ಮಾಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. "ಐ ರಿಮೇನ್, ಯುವರ್ಸ್" ಎಂದೇನೋ ಮುಗಿಸುತ್ತಿದ್ದರು, ಉಳಿದದ್ದು ನೀನೇ ತುಂಬಿಸಿಕೋ.

ಇಂತು ನಿನ್ನ ಅಣ್ಣ,
ದೊಡ್ಡು

ತಾ.ಕ.: ನಾಳೆ ಬೆಳಗ್ಗೆಯ ಅಂಚೆಗೇ ಇದು ಹೋಗಬೇಕು, ಅಕ್ಕ ಏಳುವ ಮುಂಚೆ ಬೇಗ ಬರೆಯುತ್ತೇನೆ. ಫಾರಮ್ಮಿನ ವಿಷಯ ಕೊನೆಗೆ ಎಂದಿದ್ದೆ. ಗುರುವಾರ ನಾನು ಅದಕ್ಕೆ ಸಹಿ ಮಾಡಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನಿನಗೆ ಕಳಿಸಿಬಿಟ್ಟಿದ್ದೇನೆ. ಅವತ್ತು ಮೂರನೇ ಸಲ ಬಟ್ಟೆ ಬದಲಾಯಿಸಿದ್ದೆ, ಅವಳು ಅನ್ನ ಉಗಿದಿದ್ದಳು, ನನ್ನ ಕೈಲಿ ಆಗಲಿಲ್ಲ. ಶುಕ್ರವಾರ ಹಲ್ಲಿನವರ ಬೆಂಚಿನ ಮೇಲೆ ಹೋಗಿ ಕೂತದ್ದೂ, ಅಕ್ಕನನ್ನು ಕಳಿಸುವ ಮುಂಚೆ ಒಂದು ಸಲ ಆ ತಿಂಡಿ ತಿನ್ನಿಸಿ ಕಳಿಸೋಣ ಎಂಬ ಕಳ್ಳ ಮನಸ್ಸಿನಿಂದಲೇ. ಈ ಕಾಗದಕ್ಕಿಂತ ಮುಂಚೆ ಆ ಫಾರಂ ನಿನ್ನ ಕೈ ಸೇರಿರುತ್ತದೆ. ಅವರಿಗೆ ಕೊಡಬೇಡ. ಕೊಟ್ಟಿದ್ದರೆ ಹೋಗಿ ವಾಪಸು ತೆಗೆದುಕೋ, ಹರಿದುಹಾಕು. ನಿನ್ನ ಮೂರನೇ ಕಾರಣ ಮಾತ್ರ ಹಾಗೇ ಇದೆ, ಅದಕ್ಕೆ ಅಕ್ಕನೇ ಉತ್ತರ ಕೊಟ್ಟಿದ್ದಾಳೆ. ನಾನು ಸುಸ್ತು ಎಂದ ಮೇಲೆ ತಲೆಯ ಮೇಲಿನ ಕೈ ತೆಗೆಯದೆಯೇ, ಒಂದು ಚೂರೂ ತೊದಲದೆ ಹೇಳಿದಳು: "ಗುಬ್ಬಿ ಬರ್ಲಿ." ತಿಂಗಳಿಗೆ ಹದಿನೈದು ದಿನ ನಾನು, ಹದಿನೈದು ದಿನ ನೀನು. ಮಗ್ಗುಲು ಹೇಗೆ ಬದಲಾಯಿಸುವುದೆಂದು ಹೇಳಿಕೊಡುತ್ತೇನೆ, ನಿನ್ನ ತೋಳಿಗೆ ಅದು ಲೆಕ್ಕವಲ್ಲ. ರಜೆ ಬರೆದು ಹಾಕಿ ಹೊರಡು. ನೀನು ಬಂದ ದಿನ ನಾನು ಮಾತಾಡಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ, ಮಲಗಿರುತ್ತೇನೆ.